ಆಣೆ ಮುರಿದ ಮೇಲೆ

ಜ್ಞಾನೇಶ್ವರರ ಪಾಲಖಿ ಆಳಂದಿಯಿಂದ ಪುಣೆಗೆ ಬರುವ ದಿನ ವಿಶ್ರಾಂತವಾಡಿಯ ರಸ್ತೆಯಲ್ಲಿ ಸಿಕ್ಕಿಬಿದ್ದವರಿಗೆ ಗೊತ್ತಿರುತ್ತದೆ, ಆವತ್ತು ಆಫೀಸಿನ ಲೆಕ್ಕಾಚಾರ ಯಾವುದೂ ನಡೆಯುವುದಿಲ್ಲ. ಪುಣೆಗೆ ಬಂದ ಹೊಸದರಲ್ಲಿ ನನಗೂ ಅದು ಬರೀ ಟ್ರಾಫಿಕ್ ಸಮಸ್ಯೆಯಾಗಿತ್ತು. ಒಂದು ವರ್ಷ ಮಾತ್ರ, ಹೇಗೂ ಮುಂದೆ ಹೋಗುವಂತಿಲ್ಲವಲ್ಲ ಎಂದು ಬೈಕ್ ಬದಿಗೆ ಹಾಕಿ ನಿಂತು ನೋಡಿದೆ. ತಾಳ, ಮೃದಂಗ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು. ನಡುವೆ ಕನ್ನಡವೂ ಕಿವಿಗೆ ಬಿತ್ತು. ಇಂಡಿ, ಅಫಜಲಪುರ ಕಡೆಯ ಮಾತು. ಜ್ಞಾನೇಶ್ವರರು ತಮ್ಮ ಅಭಂಗದಲ್ಲಿ ವಿಠ್ಠಲನನ್ನೇ ಕನ್ನಡಿಗ ಎಂದು ಕರೆದಿದ್ದಾರೆ, ಹಾಗಾಗಿ ಅದರಲ್ಲಿ ಆಶ್ಚರ್ಯವೇನಿಲ್ಲ.

ನಾನು ನೋಡುತ್ತಿದ್ದದ್ದು ಅವರ ಕೊರಳನ್ನು. ಹೆಚ್ಚುಕಡಿಮೆ ಎಲ್ಲರ ಕೊರಳಲ್ಲೂ ತುಳಸಿ ಮಾಲೆ. ವಾರಕರಿಗಳಲ್ಲಿ ಮಾಲೆ ಹಾಕಿಕೊಳ್ಳುವುದೆಂದರೆ ಅಲಂಕಾರವಲ್ಲ. ಹಿರಿಯ ವಾರಕರಿಯೊಬ್ಬರ ಕೈಯಿಂದ ಅದನ್ನು ಹಾಕಿಸಿಕೊಂಡ ದಿನದಿಂದ ಮಾಂಸವಿಲ್ಲ, ಹೆಂಡವಿಲ್ಲ, ವರ್ಷಕ್ಕೊಮ್ಮೆ ಪಂಢರಪುರದ ವಾರಿ ತಪ್ಪುವಂತಿಲ್ಲ. ಕುಡಿತ ಬಿಡಿಸುವ ವ್ಯವಸ್ಥೆ ಎಂದು ಅದನ್ನು ಯಾರೂ ಕರೆದಿಲ್ಲ. ಆದರೆ ಮಹಾರಾಷ್ಟ್ರದ ಎಷ್ಟೋ ಹಳ್ಳಿಗಳಲ್ಲಿ ಶತಮಾನಗಳಿಂದ ಅದು ಆ ಕೆಲಸವನ್ನೂ ಮಾಡುತ್ತ ಬಂದಿದೆ. ಅದೇ ಆಳಂದಿ ರಸ್ತೆಯ ಮಗ್ಗುಲಲ್ಲಿ, ಮೋಹನವಾಡಿಯಲ್ಲಿ, ಇದೇ ಕೆಲಸವನ್ನು ಬೇರೆಯದೇ ರೀತಿಯಲ್ಲಿ ಮಾಡುವ ಕಟ್ಟಡವೊಂದಿದೆ: ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ. ಮಾಲೆಗೂ ಈ ಕಟ್ಟಡಕ್ಕೂ ನಡುವೆ ಇರುವ ಅಂತರ ಏನು ಎಂಬುದು ನನ್ನನ್ನು ಬಹಳ ವರ್ಷ ಕಾಡಿದೆ. ಅದಕ್ಕೆ ಕಾರಣ ನನ್ನ ಸೋದರಮಾವ.

ನಮ್ಮದು ಬಾಗಲಕೋಟೆ ಜಿಲ್ಲೆಯ ಹಳ್ಳಿ. ಮಾವ ಗೌಂಡಿ ಕೆಲಸದವನು, ದಿನಾ ಕುಡಿಯುವವನು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಅಮಾವಾಸ್ಯೆ, ಮನೆದೇವರ ಮುಂದೆ ಅಜ್ಜಿಯ ತಲೆ ಮೇಲೆ ಕೈಯಿಟ್ಟು ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಮುಟ್ಟಲೂ ಇಲ್ಲ. ಮರುದಿನ ಕೈ ನಡುಗತೊಡಗಿತು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೇ ದಿನ ಕೌದಿಯ ಮೇಲೆ ಇರುವೆ ಹರಿಯುತ್ತಿವೆ ಎಂದು ಝಾಡಿಸತೊಡಗಿದ, ಸತ್ತುಹೋದ ಅಜ್ಜನ ಜೊತೆ ಮಾತಾಡಿದ. ಗಾಳಿ ಸೋಂಕಿದೆ ಎಂದರು. ನಿಂಬೆಹಣ್ಣು ಇಳಿಸಿದರು. ಆ ರಾತ್ರಿ ಯಾರಿಗೂ ಹೇಳದೆ ಅಜ್ಜಿಯೇ ಒಂದು ಲೋಟ ಸಾರಾಯಿ ತಂದು ಅವನ ಬಾಯಿಗೆ ಹಾಕಿದಳು. ಬೆಳಗಾಗುವಷ್ಟರಲ್ಲಿ ಮಾವ ಸಮಾಧಾನವಾಗಿ ಮಲಗಿದ್ದ.

ಯಾರೂ ಅವನನ್ನು ಬೈಯಲಿಲ್ಲ. ತಿಂಗಳೊಳಗೆ ಅವನೇ ಕಾಂಟ್ರ್ಯಾಕ್ಟರನೊಬ್ಬನ ಜೊತೆ ಪುಣೆಯ ಬಸ್ಸು ಹತ್ತಿದ. ಎರಡು ವರ್ಷದ ಮೇಲೆ ಅಜ್ಜಿ ಹೃದಯದ ಕಾಯಿಲೆಯಿಂದ ತೀರಿಕೊಂಡಳು, ಮಾವ ಮಣ್ಣಿಗೂ ಬರಲಿಲ್ಲ. ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಏನಾಗುತ್ತದೆಂದು ನಮ್ಮ ಕಡೆ ನಂಬುತ್ತಾರೋ ಅದು ಆಗಿಹೋಯಿತು ಎಂದು ಅವನು ತಿಳಿದುಕೊಂಡಿದ್ದ.

ನಡೆದದ್ದು ಏನು ಎಂಬುದು ಈಗ ಗೊತ್ತು. ವರ್ಷಗಟ್ಟಲೆ ದಿನವೂ ಮದ್ಯ ಬೀಳುವ ಮಿದುಳು, ಅದರ ಮಂದಗೊಳಿಸುವ ಗುಣವನ್ನು ಸರಿದೂಗಿಸಲು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಬ್ರೇಕ್ ಹೋಗಿ ಆಕ್ಸಿಲರೇಟರ್ ಮಾತ್ರ ಉಳಿದ ಗಾಡಿಯಂತಾಗುತ್ತದೆ. ಮೊದಲ ದಿನವೇ ನಡುಕ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನದ ಹೊತ್ತಿಗೆ ಭ್ರಮೆ, ಜ್ವರ, ಏರಿದ ನಾಡಿ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣ ಹೋಗಬಹುದು. ಡಯಾಜೆಪಾಮ್ ಗುಂಪಿನ ಮಾತ್ರೆ, ಬಿ1 ಜೀವಸತ್ವದ ಇಂಜೆಕ್ಷನ್, ನಾಲ್ಕಾರು ದಿನದ ನಿಗಾ: ಚಿಕಿತ್ಸೆ ಇಷ್ಟೇ, ದುಬಾರಿಯೂ ಅಲ್ಲ. ದಿನವೂ ಹೆಚ್ಚು ಕುಡಿಯುವವರು ವೈದ್ಯರನ್ನು ಕೇಳದೆ ಒಂದೇ ಏಟಿಗೆ ನಿಲ್ಲಿಸಬಾರದು ಎಂದು ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ. ಅಜ್ಜಿ ಆ ರಾತ್ರಿ ಮಗನ ಜೀವ ಉಳಿಸಿದಳು. ಅದು ಅವಳಿಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ.

ಆಣೆಯ ಇತಿಹಾಸ ನಮ್ಮಲ್ಲಿ ದೊಡ್ಡದು. ಹನ್ನೆರಡನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದಾನೆ. ಹೆಂಡ ಮಾರುವುದು ಅವನ ಕಾಯಕ. ಕುಡಿಯಲು ಬಂದವರಿಗೆ ಕುಡಿಯದಂತೆ ತಿಳಿಹೇಳುತ್ತಿದ್ದ ಎಂದು ಪರಂಪರೆ ಅವನನ್ನು ನೆನೆಯುತ್ತದೆ. ಸರಕಿನ ಬಗ್ಗೆ ಗಿರಾಕಿಗೇ ಎಚ್ಚರ ಹೇಳುವ ಅಂಗಡಿಯವನು ಇವತ್ತು ಎಲ್ಲಿ ಸಿಗಬೇಕು. ಕುಡುಕನನ್ನು ಊರ ಹೊರಗೆ ಅಟ್ಟುವ ಬದಲು ಅವನು ಬರುವ ಜಾಗದಲ್ಲೇ ಕೂತು ಮಾತಾಡುವ ಈ ರೀತಿ ಎಂಟು ನೂರು ವರ್ಷದ ಮೇಲೂ ನಮ್ಮ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಶುರುಮಾಡಿದ ‘ಮಹಾಂತ ಜೋಳಿಗೆ’ಯನ್ನು ಬಾಗಲಕೋಟೆಯ ಕಡೆಯವರು ಮರೆಯಲಾರರು. ಸ್ವಾಮಿಗಳ ಜೋಳಿಗೆ ಎಂದರೆ ಜೋಳ, ಅಕ್ಕಿ, ಕಾಣಿಕೆಗೆ. ಇವರು ಅದನ್ನು ಹಿಡಿದು ಓಣಿ ಓಣಿ ತಿರುಗಿ, ದಲಿತರ ಕೇರಿಗಳಿಗೂ ಹೋಗಿ, ನಿಮ್ಮ ಚಟವನ್ನು ಇದರಲ್ಲಿ ಹಾಕಿ ಎಂದು ಬೇಡಿದರು. ಜನ ಬೀಡಿ ಕಟ್ಟು, ತಂಬಾಕಿನ ಚೀಲ, ಬಾಟಲಿ ತಂದು ಹಾಕಿದರು. 

ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ತಿರುವುಮುರುವು. ಕೊಡುವವನ ಸ್ಥಾನದಲ್ಲಿ ಕುಡುಕನಿದ್ದಾನೆ, ಕೈಚಾಚಿದವರು ಜಗದ್ಗುರುಗಳು. ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಮನುಷ್ಯನ ಮನೆ ಬಾಗಿಲಿಗೆ ಸ್ವಾಮಿಗಳೇ ಬಂದು ಅವನಿಂದ ಏನನ್ನೋ ಬೇಡುತ್ತಾರೆ. ಅವನ ಬಳಿ ಕೊಡಲು ಇರುವುದು ಆ ಚಟವೊಂದೇ. ಕೊಟ್ಟಾಗ ಅವನು ಭಿಕ್ಷೆ ನೀಡಿದ ಗೃಹಸ್ಥನಾಗುತ್ತಾನೆ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅಬಕಾರಿ ವರಮಾನದ ಗುರಿಯನ್ನು ವರ್ಷ ವರ್ಷ ಏರಿಸುವುದೂ ಅದೇ ಸರ್ಕಾರವೇ, ಇರಲಿ.

ಪುಣೆಯಲ್ಲಿ ಮದ್ಯದ ಮಾತು ಬೇರೆ ದಾರಿ ಹಿಡಿದಿತ್ತು. ಇಲ್ಲಿ ಅದು ಮೊದಲು ರಾಜಕಾರಣ. ಮಹಾತ್ಮ ಜೋತಿಬಾ ಫುಲೆ ಪುಣೆ ನಗರಸಭೆಯ ಸದಸ್ಯರಾಗಿದ್ದಾಗ, 1880ರಲ್ಲಿ, ನಗರದಲ್ಲಿ ಹೆಚ್ಚುತ್ತಿದ್ದ ಹೆಂಡದಂಗಡಿಗಳನ್ನು ವಿರೋಧಿಸಿ ಪತ್ರ ಬರೆದರು. 1908ರಲ್ಲಿ ಲೋಕಮಾನ್ಯ ತಿಲಕರ ನೇತೃತ್ವದಲ್ಲಿ ಸ್ವಯಂಸೇವಕರು ಪುಣೆಯ ಸಾರಾಯಿ ಅಂಗಡಿಗಳ ಮುಂದೆ ನಿಂತು ಗಿರಾಕಿಗಳನ್ನು ತಡೆದರು. ಆ ವರ್ಷ ಜೂನ್‌ನಲ್ಲಿ ತಿಲಕರ ಬಂಧನವಾಯಿತು, ಮಂಡಾಲೆಗೆ ಹೋದರು. ಬೇರೆಲ್ಲ ವಿಷಯದಲ್ಲಿ ಎದುರುಬದುರು ನಿಲ್ಲುವ ಎರಡು ಪರಂಪರೆಗಳು ಹೆಂಡದಂಗಡಿಯ ಮುಂದೆ ಒಂದೇ ಕಡೆ ನಿಂತಿದ್ದವು. ಯೆರವಡಾ ಜೈಲಿನಲ್ಲಿದ್ದ ಗಾಂಧೀಜಿಗೂ ಪಾನನಿಷೇಧ ಸ್ವರಾಜ್ಯದ ಭಾಗವೇ ಆಗಿತ್ತು. ಕೊನೆಗೆ 1949ರಲ್ಲಿ ಮುಂಬಯಿ ಪಾನನಿಷೇಧ ಕಾಯ್ದೆ ಬಂತು. ನಮ್ಮ ವಿಜಯಪುರ, ಬೆಳಗಾವಿ, ಧಾರವಾಡಗಳೂ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಆ ಕಾಯ್ದೆ ಮಹಾರಾಷ್ಟ್ರದಲ್ಲಿ ಇವತ್ತಿಗೂ ಜೀವಂತ. ಪುಣೆಯ ಬಾರಿನಲ್ಲಿ ಕೂತು ಕುಡಿಯುವ ನಮ್ಮ ಟೀಮಿನ ಹುಡುಗರಿಗೆ ಗೊತ್ತಿಲ್ಲ, ಕಾನೂನಿನ ಪ್ರಕಾರ ಅವರ ಬಳಿ ಪರ್ಮಿಟ್ ಇರಬೇಕು, ಆ ಪರ್ಮಿಟ್ ಕೊಡುವುದು ‘ಆರೋಗ್ಯ ಕಾಪಾಡಿಕೊಳ್ಳುವುದಕ್ಕಾಗಿ’.

ಅಂಗಡಿ ಮುಚ್ಚಿಸುವ ಹೋರಾಟ ಬೇಡವೆಂದು ನಾನು ಹೇಳುವುದಿಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಹಳ್ಳಿಯ ಹೆಂಗಸರ ಪಾದಗಳನ್ನು ನೋಡಿದವರು ಹಾಗೆ ಹೇಳಲಾರರು. ಆದರೆ ಅಂಗಡಿ ಮುಚ್ಚಿದ ಮೇಲೂ ಕೈ ನಡುಗುವ ಮನುಷ್ಯ ಉಳಿಯುತ್ತಾನೆ. ಅವನ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ.

ಅಂಥ ಇಬ್ಬರು ಮನುಷ್ಯರು 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ಭೇಟಿಯಾದರು. ಒಬ್ಬ ಷೇರು ವ್ಯವಹಾರದ ಬಿಲ್ ವಿಲ್ಸನ್, ಇನ್ನೊಬ್ಬ ಶಸ್ತ್ರಚಿಕಿತ್ಸಕ ಬಾಬ್ ಸ್ಮಿತ್. ಇಬ್ಬರೂ ಕುಡುಕರು. ಕುಡಿಯಬೇಕೆಂಬ ಒತ್ತಡ ತಡೆಯಲಾಗದೆ ಬಿಲ್ ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿದ್ದ. ಆ ಮಾತುಕತೆಯಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅದಕ್ಕೆ ಹಿಂದಿನ ಎಳೆಯೊಂದಿದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ ತನ್ನ ಬಳಿ ಬಂದಿದ್ದ ರೋಲಂಡ್ ಹ್ಯಾಜರ್ಡ್ ಎಂಬ ಅಮೆರಿಕನ್ನನಿಗೆ, ವೈದ್ಯಕೀಯದಿಂದ ನಿನಗೆ ಇನ್ನು ದಾರಿಯಿಲ್ಲ, ಆಧ್ಯಾತ್ಮಿಕ ಅನುಭವವೊಂದು ಒದಗಿದರೆ ಉಳಿದೀಯೆ ಎಂದು ಹೇಳಿದ್ದ. ಆ ಮಾತು ಗೆಳೆಯರ ಮೂಲಕ ಬಿಲ್‌ಗೆ ತಲುಪಿತು. 1961ರಲ್ಲಿ ಬಿಲ್ ಕೃತಜ್ಞತೆಯ ಪತ್ರ ಬರೆದಾಗ ಯುಂಗ್ ಉತ್ತರಿಸಿ, ಲ್ಯಾಟಿನ್ ಭಾಷೆಯಲ್ಲಿ ಮದ್ಯಕ್ಕೂ ಪರಮ ಆಧ್ಯಾತ್ಮಿಕ ಅನುಭವಕ್ಕೂ ಒಂದೇ ಪದ ಇರುವುದನ್ನು ತೋರಿಸಿದ. ಕುಡುಕನ ದಾಹ ಪೂರ್ಣತೆಯ ದಾಹದ ಕೆಳಮಟ್ಟದ ರೂಪ ಎಂಬುದು ಅವನ ನೋಟ.

ಆ ಮಾತು ಚೆನ್ನಾಗಿದೆ. ಆದರೆ ಆ ಗುಂಪು ಕಟ್ಟಿದ ನಿಜವಾದ ಹೊಸತು ಇದಲ್ಲ ಎಂದು ನನಗನ್ನಿಸುತ್ತದೆ. ಅವರು ಆಣೆಯನ್ನು ಜನ್ಮದ ಲೆಕ್ಕದಿಂದ ದಿನದ ಲೆಕ್ಕಕ್ಕೆ ಇಳಿಸಿದರು. ಇವತ್ತೊಂದು ದಿನ ಕುಡಿಯುವುದಿಲ್ಲ, ನಾಳೆಯದನ್ನು ನಾಳೆ ನೋಡೋಣ. ದೇವರನ್ನೂ ಅವರವರು ತಿಳಿದುಕೊಂಡಂತೆ ಎಂದು ಬಿಟ್ಟರು. ನಿನ್ನೆ ಕುಡಿದು ಬಂದವನಿಗೂ ಇವತ್ತಿನ ಮೀಟಿಂಗಿನಲ್ಲಿ ಕುರ್ಚಿ ಇರುತ್ತದೆ. ಮಾಲೆ ಹರಿದವನಿಗೆ, ತಲೆ ಮುಟ್ಟಿ ಮಾಡಿದ ಆಣೆ ಮುರಿದವನಿಗೆ ನಮ್ಮಲ್ಲಿ ಅಂಥ ಕುರ್ಚಿ ಇರಲಿಲ್ಲ. ಆಣೆಯ ಬಲ ಎಷ್ಟು ದೊಡ್ಡದೋ ಅದು ಮುರಿದಾಗಿನ ನಾಚಿಕೆಯೂ ಅಷ್ಟೇ ದೊಡ್ಡದು, ಆ ನಾಚಿಕೆಯನ್ನು ಮರೆಯಲು ಮತ್ತೆ ಕುಡಿಯಬೇಕು.

ಪುಣೆಗೆ ಆ ಕುರ್ಚಿ ಬಂದದ್ದು ಗರ್ದದ ಕಾಲದಲ್ಲಿ. 1980ರ ದಶಕದ ಮೊದಲ ಭಾಗದಲ್ಲಿ ಬ್ರೌನ್ ಶುಗರ್ ಮುಂಬಯಿ, ಪುಣೆಗಳಿಗೆ ಹೊಕ್ಕಿತು. ಹಾಳೆಯ ಮೇಲೆ ಪುಡಿ ಸುಟ್ಟು ಹೊಗೆ ಎಳೆಯುವ ಕಾಲೇಜು ಹುಡುಗರು ಮನೆಯ ಪಾತ್ರೆ ಮಾರಿಕೊಳ್ಳುವ ಸ್ಥಿತಿಗೆ ಬಂದರು. 1985ರಲ್ಲಿ ಕೇಂದ್ರ ಸರ್ಕಾರ ಮಾದಕವಸ್ತು ಕಾಯ್ದೆ ತಂದಿತು. ಆ ಹೊತ್ತಿನಲ್ಲಿ ಅನಿಲ್ ಅವಚಟ ಎಂಬ ಮರಾಠಿ ಲೇಖಕ ಈ ಹುಡುಗರ ನಡುವೆ ಓಡಾಡಿ ಬರೆದ ಲೇಖನಗಳು ಮುಂದೆ ‘ಗರ್ದ’ ಎಂಬ ಪುಸ್ತಕವಾದವು. ಓದಿದ್ದು ವೈದ್ಯಕೀಯವಾದರೂ ಆತ ಬದುಕಿದ್ದು ಲೇಖಕನಾಗಿ. ಹೆಂಡತಿ ಅನಿತಾ ಯೆರವಡಾದ ಸರ್ಕಾರಿ ಮನೋರುಗ್ಣಾಲಯದಲ್ಲಿ ವೈದ್ಯೆ. ಎಲ್ಲರೂ ಕರೆಯುತ್ತಿದ್ದ ಹೆಸರು ಸುನಂದಾ. ಆ ಲೇಖನಗಳನ್ನು ಓದಿದ ಪು. ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ದಂಪತಿ, ಇವರಿಗಾಗಿ ಏನಾದರೂ ಮಾಡಿ ಎಂದು ಒಂದು ಲಕ್ಷ ರೂಪಾಯಿ ಮುಂದಿಟ್ಟರು. ಮರಾಠಿಗರಿಗೆ ಪುಲ ಎಂದರೆ ನಗೆ. ಆ ನಗೆಯ ದುಡ್ಡಿನಲ್ಲಿ, ಮನೋರುಗ್ಣಾಲಯದ ಆವರಣದಲ್ಲೇ, 1986ರ ಆಗಸ್ಟ್ 29ರಂದು ಮುಕ್ತಾಂಗಣ ಶುರುವಾಯಿತು.

ಅಲ್ಲಿ ರೂಪುಗೊಂಡ ಕ್ರಮ 35 ದಿನಗಳದ್ದು. ಮೊದಲ ದಿನಗಳು ವೈದ್ಯರದು: ದೇಹದಿಂದ ವಿಷ ಇಳಿಯುವವರೆಗೆ ಔಷಧ, ನಿಗಾ. ನಮ್ಮ ಮನೆಯಲ್ಲಿ ಇಲ್ಲದೇ ಹೋದದ್ದು ಈ ಭಾಗ. ಆಮೇಲೆ ಯೋಗ, ಧ್ಯಾನ, ಪ್ರಾರ್ಥನೆ, ಹಾಡು, ಗುಂಪಿನಲ್ಲಿ ಕೂತು ಮಾತಾಡುವುದು, ಕೈಕೆಲಸ. ಕೊಳಲು ನುಡಿಸುವ, ಕಾಗದ ಮಡಚಿ ಹಕ್ಕಿ ಮಾಡುವ ಅನಿಲ್ ಅವಚಟರ ಹವ್ಯಾಸಗಳಿಗೂ ಅಲ್ಲಿ ಜಾಗವಿತ್ತು. ಕಾಗದದ ಹಕ್ಕಿಯಿಂದ ಗರ್ದ ಬಿಡುತ್ತದೆಯೇ ಎಂದು ನಗಬಹುದು. ಆದರೆ ನಡುಗುತ್ತಿದ್ದ ಬೆರಳು ಒಂದು ಮಡಿಕೆಯನ್ನು ನೇರವಾಗಿ ಹಾಕಿತು ಎಂಬುದು ಆ ಬೆರಳಿನವನಿಗೆ ಸಣ್ಣ ಸಂಗತಿಯಲ್ಲ.

ಇದಕ್ಕಿಂತ ಮುಖ್ಯವಾದವು ಎರಡು. ಒಂದು, ಅಲ್ಲಿ ಚೇತರಿಸಿಕೊಂಡವರೇ ಅಲ್ಲಿನ ಕೆಲಸಗಾರರಾದರು, ಸಲಹೆಗಾರರಾದರು. ಬಾಗಿಲು ತೆಗೆಯುವವನೂ ಒಂದು ಕಾಲಕ್ಕೆ ಅದೇ ಬಾಗಿಲಿಗೆ ಬಂದವನು. ಎರಡು, 35 ದಿನ ಮುಗಿದ ಮೇಲಿನ ಫಾಲೋಅಪ್. ಮಹಾರಾಷ್ಟ್ರದ ಬೇರೆ ಬೇರೆ ಊರುಗಳಲ್ಲಿ ಅದಕ್ಕೆಂದೇ ಸಭೆಗಳು. ಹೆಂಡತಿಯರಿಗೆ ‘ಸಹಚರಿ’ ಎಂಬ ಪ್ರತ್ಯೇಕ ಗುಂಪು. ಮತ್ತೆ ಜಾರಿದವನು ಪಾಪಿಯಲ್ಲ, ಕಾಯಿಲೆ ಮರುಕಳಿಸಿದವನು. ಸಕ್ಕರೆ ಕಾಯಿಲೆಯವನ ಸಕ್ಕರೆ ಏರಿದರೆ ಆಣೆ ಮುರಿದ ಎನ್ನುತ್ತೇವೆಯೇ? ಸುನಂದಾ 1997ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅನಿಲ್ 2022ರ ಜನವರಿಯಲ್ಲಿ. ಕೇಂದ್ರವನ್ನು ಮಗಳು, ಮನಶ್ಶಾಸ್ತ್ರಜ್ಞೆ ಮುಕ್ತಾ ಪುಣತಾಂಬೇಕರ್ ಮುಂದುವರಿಸಿದ್ದಾರೆ.

ಕರ್ನಾಟಕದಲ್ಲೂ ಆಣೆಯೊಂದೇ ಸಾಲದು ಎಂಬ ತಿಳಿವು ಬಂದಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಊರಿನದೇ ಸಭಾಭವನದಲ್ಲಿ ವಾರದಷ್ಟು ದಿನ, ವೈದ್ಯರ ತಪಾಸಣೆ, ಭಜನೆ, ಯೋಗ, ಕುಟುಂಬದವರ ಜೊತೆ ಮಾತುಕತೆ. ಶಿಬಿರ ಮುಗಿಸಿದವರೆಲ್ಲ ಸೇರಿ ‘ನವಜೀವನ ಸಮಿತಿ’ ಕಟ್ಟಿಕೊಳ್ಳುತ್ತಾರೆ, ಆಗಾಗ ಕೂಡುತ್ತಾರೆ. ಶಿಬಿರಕ್ಕಿಂತ ಸಮಿತಿ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಇಂಜಿನಿಯರಿಂಗ್ ಓದಿದವನಿಗೆ ಅನ್ನಿಸಿದ್ದಷ್ಟೇ ಸಾಲದು, ಅಳತೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮದ್ಯವ್ಯಸನಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 60 ಜನರ ಮೇಲೆ ಸುದರ್ಶನ ಕ್ರಿಯೆಯ ಅಧ್ಯಯನವೊಂದು ನಡೆದು 2006ರಲ್ಲಿ ಪ್ರಕಟವಾಯಿತು. ಎರಡು ವಾರ ಕ್ರಿಯೆ ಮಾಡಿದವರಲ್ಲಿ ಖಿನ್ನತೆ ಹೆಚ್ಚು ತಗ್ಗಿತು, ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನೂ ಇಳಿಯಿತು. ಇದು ನಿಜವಾದ ಲಾಭವೇ. ಆದರೆ ಎರಡು ವಾರದ ಅಧ್ಯಯನ ಎರಡು ವರ್ಷದ ಮೇಲೆ ಯಾರು ಕುಡಿಯುತ್ತಿದ್ದಾರೆ ಎಂಬುದನ್ನು ಹೇಳಲಾರದು. ಉಸಿರಾಟದಿಂದ ಚಟ ಬಿಡಿಸುತ್ತೇವೆ ಎಂದು ಬೋರ್ಡ್ ಹಾಕುವವರು ಈ ವ್ಯತ್ಯಾಸವನ್ನು ನುಂಗುತ್ತಾರೆ. ಇನ್ನು 2020ರ ಕಾಕ್ರೇನ್ ಪರಾಮರ್ಶೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ನೋಡಿತು. ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಆ ಅಮೆರಿಕದ ಗುಂಪಿನ ದಾರಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿತು. ಅದರ ಮೊದಲ ಲೇಖಕ ಜಾನ್ ಕೆಲಿ ಇದು ಹೇಗೆ ಕೆಲಸ ಮಾಡುತ್ತದೆಂದು ಬೇರೆಯಾಗಿ ಹುಡುಕಿದ್ದಾರೆ. ಅಧ್ಯಾತ್ಮದ ಪಾಲು ಇದೆ, ತೀವ್ರ ವ್ಯಸನಿಗಳಲ್ಲಿ ಹೆಚ್ಚು ಇದೆ. ಆದರೆ ದೊಡ್ಡ ಪಾಲು ಮನುಷ್ಯನ ಒಡನಾಟ ಬದಲಾಗುವುದರದು.

ಒಡನಾಟದ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಕೆಲವು ವರ್ಷಗಳ ಹಿಂದೆ ನನ್ನ ಟೀಮಿನಲ್ಲಿ ಧಾರವಾಡ ಕಡೆಯ ಹುಡುಗನೊಬ್ಬನಿದ್ದ. ಸೋಮವಾರ ಬರುತ್ತಿರಲಿಲ್ಲ. ಬಂದರೆ ಬಾಯಲ್ಲಿ ಚ್ಯೂಯಿಂಗ್ ಗಮ್, ಕಣ್ಣು ಕೆಂಪು. ನನ್ನ ಮನೆಯಲ್ಲೇ ಇಂಥದ್ದನ್ನು ಕಂಡವನು ನಾನು, ಗುರುತಿಸದೇ ಇರಲಿಲ್ಲ. ಆದರೂ ಗೈರುಹಾಜರಿಯ ಪಟ್ಟಿ ಲಗತ್ತಿಸಿ ಒಂದು ಮೇಲ್ ಬರೆದು ಅವನನ್ನು ಪ್ರಾಜೆಕ್ಟಿನಿಂದ ಬಿಡಿಸಿದೆ. ಡೆಲಿವರಿ ಡೇಟ್ ಹತ್ತಿರವಿತ್ತು. ಪುಣೆಯಲ್ಲಿ ಅವನ ಜೊತೆ ದಿನಕ್ಕೆ ಎಂಟು ಗಂಟೆ ಇರುತ್ತಿದ್ದವರು ನಾವೇ. ರೂಮಿನಲ್ಲಿ ಅವನು ಒಬ್ಬನೇ. ಈಗ ಎಲ್ಲಿದ್ದಾನೋ ತಿಳಿಯದು, ಫೋನ್ ಹತ್ತುವುದಿಲ್ಲ.

ಮಾವ ನನಗೆ ಸಿಕ್ಕಿದ್ದು ನಾನು ಪುಣೆಗೆ ಬಂದು ನಾಲ್ಕು ವರ್ಷವಾದ ಮೇಲೆ, ಹಡಪಸರದ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ಆಗಿ. ಮೊದಲು ಗುರುತು ಸಿಗದವನಂತೆ ಮರಾಠಿಯಲ್ಲೇ ಮಾತಾಡಿದ. ಅಷ್ಟರಲ್ಲಾಗಲೇ ಅವನನ್ನು ಯಾರೋ ಒಂದು ಗುಂಪಿಗೆ ಕರೆದೊಯ್ದಿದ್ದರು. ಶಾಲೆಯೊಂದರ ಕೋಣೆ, ವಾರಕ್ಕೊಮ್ಮೆ ಗುರುವಾರ ಸಂಜೆ, ಹತ್ತು ಹನ್ನೆರಡು ಜನ. ಸೇರಿದ ಮೇಲೂ ಮೂರು ಸಲ ಜಾರಿದ್ದ. ಒಂದು ಸಲ ಆಸ್ಪತ್ರೆಗೂ ಸೇರಿದ್ದ. ಅಲ್ಲಿಯ ಡಾಕ್ಟರು ಹಳೆಯದೆಲ್ಲ ಕೇಳಿ, ಆವತ್ತು ನಿನಗೆ ಆದದ್ದು ಇದೇ, ನಿನ್ನ ತಾಯಿ ಸಾರಾಯಿ ಕೊಡದಿದ್ದರೆ ಸತ್ತುಹೋಗುತ್ತಿದ್ದೆ ಎಂದು ಹೇಳಿದರಂತೆ. “ಅವ್ವ ಆಣಿ ಮುರಸಲಿಲ್ಲಪಾ, ಔಷಧ ಕೊಟ್ಲು” ಎಂದು ನನ್ನೆದುರು ಎರಡು ಮೂರು ಸಲ ಹೇಳಿದ.

2016ರಲ್ಲಿ ಅವನು ಊರ ಜಾತ್ರೆಗೆ ಬಂದ. ಇಪ್ಪತ್ತು ವರ್ಷದ ಮೇಲಾಗಿತ್ತು. ಅಜ್ಜಿಯ ಫೋಟೋ ಇದ್ದ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಹಿರಿಯರೊಬ್ಬರು, ಬಂದದ್ದಾಯಿತು, ಇನ್ನು ಮುಟ್ಟುವುದಿಲ್ಲ ಎಂದು ಮನೆದೇವರ ಮುಂದೆ ಒಂದು ಮಾತು ಹೇಳಿಬಿಡು ಎಂದರು. ಮಾವ ಕೈ ಮುಗಿದ, ಮಾತು ಕೊಡಲಿಲ್ಲ. ಇವತ್ತು ಕುಡಿದಿಲ್ಲ ಎಂದಷ್ಟೇ ಹೇಳಿದ. ತೇರು ಎಳೆಯುವುದು ಗುರುವಾರವಿತ್ತು, ಇದ್ದು ಹೋಗು ಎಂದು ಎಲ್ಲರೂ ಹಿಡಿದರು. ಆ ದಿನ ಮೀಟಿಂಗ್ ಇದೆ, ಕುರ್ಚಿ ಹಾಕುವ ಪಾಳಿ ನನ್ನದು ಎಂದು ಬುಧವಾರ ರಾತ್ರಿಯ ಬಸ್ಸಿಗೆ ಪುಣೆಗೆ ಹೊರಟುಬಿಟ್ಟ.